ಕೊಡಗಿನಿಂದ ಉತ್ತರ ಅಂಡಮಾನಿಗೆ: ದೂರದ ದ್ವೀಪದ ಕಾಡು ಮತ್ತು ಕಡಲನ್ನು ಸರಳವಾಗಿ ಸುತ್ತುವ ಸಮಗ್ರ ಮಾರ್ಗದರ್ಶಿ

ಅಂಡಮಾನ್ ಎಂದೊಡನೆ ನಮ್ಮ ಕಡೆಯವರ ಮನಸ್ಸಿಗೆ ಬರುವುದು ಸೆಲ್ಯುಲರ್ ಜೈಲು, ಸ್ವರಾಜ್ ದ್ವೀಪದ ರಾಧಾನಗರ ಕಡಲತೀರ ಮತ್ತು ಐದು ದಿನಗಳ ಪ್ಯಾಕೇಜ್ ಪ್ರವಾಸ. ಈ ಮಾರ್ಗದರ್ಶಿ ಆ ಪ್ರವಾಸದ ಕುರಿತಾದದ್ದಲ್ಲ. ಅಂಡಮಾನಿನ ಉತ್ತರ ತುದಿಯಲ್ಲಿ, ರಾಜಧಾನಿ ಶ್ರೀ ವಿಜಯಪುರಂನಿಂದ (ಹಿಂದಿನ ಪೋರ್ಟ್ ಬ್ಲೇರ್) ರಸ್ತೆಯಲ್ಲಿ 300 ಕಿ.ಮೀ.ಗೂ ಹೆಚ್ಚು ದೂರದಲ್ಲಿರುವ ದಿಗ್ಲಿಪುರವನ್ನು ನೆಲೆಯಾಗಿಸಿಕೊಂಡು, ಸರ್ಕಾರಿ ಹಡಗು, ಸರ್ಕಾರಿ ಬಸ್ಸು ಮತ್ತು ಕಾಲ್ನಡಿಗೆಯನ್ನೇ ನಂಬಿ, ಅಲ್ಲಿನ ಮಳೆಕಾಡು, ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಹವಳ ದಿಬ್ಬ ಮತ್ತು ಕಡಲಾಮೆಗಳ ತೀರಗಳನ್ನು ನಿಧಾನವಾಗಿ ನೋಡಬೇಕೆನ್ನುವ ಕೊಡಗಿನವರಿಗಾಗಿ ಇದನ್ನು ಬರೆದಿದ್ದೇನೆ.

ಕಡಿಮೆ ಖರ್ಚು ಇಂಥ ಪಯಣದ ಒಂದು ಲಾಭ ಮಾತ್ರ. ನಾಲ್ಕು ದ್ವೀಪಗಳನ್ನು ಮುಟ್ಟಿ ಬರುವ ಬದಲು ಒಂದೇ ಊರಿನ ಸುತ್ತ ಒಂದು ವಾರ ಉಳಿದರೆ ಮಾತ್ರ ಉಬ್ಬರವಿಳಿತದ ಲಯ ಅರ್ಥವಾಗುತ್ತದೆ, ಹಕ್ಕಿಗಳು ಯಾವ ಮರಕ್ಕೆ ಯಾವ ಹೊತ್ತಿಗೆ ಬರುತ್ತವೆ ಎಂಬುದು ತಿಳಿಯುತ್ತದೆ, ಊರಿನವರು ನಮ್ಮನ್ನು ಗುರುತಿಸಿ ಮಾತನಾಡುತ್ತಾರೆ. ವಾರಾಂತ್ಯದಲ್ಲಿ ಮಾಂದಲಪಟ್ಟಿಗೆ ಸಾಲುಗಟ್ಟಿ ಹೋಗುವ ಜೀಪುಗಳನ್ನೂ ಅಬ್ಬಿ ಜಲಪಾತದ ದಾರಿಯ ಕಸವನ್ನೂ ಕಂಡು ನೊಂದಿರುವ ನಮಗೆ, ಅವಸರದ ಪ್ರವಾಸಿಗನೊಬ್ಬ ಒಂದು ನಾಡಿನ ಮೇಲೆ ಎಷ್ಟು ಭಾರ ಹೇರಬಲ್ಲ ಎಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ.

ದಿಗ್ಲಿಪುರವೇ ಏಕೆ

ಅಂಡಮಾನ್ ಸಮೂಹದ ಅತಿ ಎತ್ತರದ ಶಿಖರವಾದ 732 ಮೀಟರಿನ ಸ್ಯಾಡಲ್ ಪೀಕ್ ಇಲ್ಲಿದೆ. ಅದರ ಇಳಿಜಾರಿನಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುವ ಕಾಲ್ಪಾಂಗ್ ನದಿ ಇಲ್ಲಿದೆ. ಆಲಿವ್ ರಿಡ್ಲಿ, ಹಸಿರಾಮೆ, ಹಾಕ್ಸ್‌ಬಿಲ್ ಮತ್ತು ಲೆದರ್‌ಬ್ಯಾಕ್ ಎಂಬ ನಾಲ್ಕು ಜಾತಿಯ ಕಡಲಾಮೆಗಳು ಮೊಟ್ಟೆಯಿಡಲು ಬರುವ ಕಾಲಿಪುರದ ತೀರ, ಇಳಿತದ ಹೊತ್ತಿನಲ್ಲಿ ಮರಳಿನ ದಿಣ್ಣೆಯೊಂದರಿಂದ ಕೂಡಿಕೊಳ್ಳುವ ರಾಸ್ ಮತ್ತು ಸ್ಮಿತ್ ಎಂಬ ಜೋಡಿ ದ್ವೀಪಗಳು, ಶ್ಯಾಮನಗರದ ಕೆಸರು ಬುಗ್ಗೆಗಳು, ಇವೆಲ್ಲವೂ ಒಂದೇ ಊರಿನಿಂದ ದಿನದೊಳಗೆ ಹೋಗಿಬರುವ ದೂರದಲ್ಲಿವೆ. ರಾಜಧಾನಿಯ ಎದುರಿಗೂ ರಾಸ್ ಎಂಬ ಹೆಸರಿನ ದ್ವೀಪವಿತ್ತು. ಅದಕ್ಕೆ 2018ರಲ್ಲಿ ನೇತಾಜಿಯವರ ಹೆಸರಿಡಲಾಯಿತು. ಟಿಕೆಟ್ ಕೇಳುವಾಗ ಈ ಎರಡನ್ನೂ ಗೊಂದಲ ಮಾಡಿಕೊಳ್ಳಬಾರದು.

ಕೊಡಗಿನವರಿಗೆ ಇಲ್ಲಿ ಒಂದು ವಿಶೇಷ ಅನುಕೂಲವಿದೆ. ಮಡಿಕೇರಿಯೂ ದಿಗ್ಲಿಪುರವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಎರಡೂ ಕಡೆ ಮಳೆ ಹೇರಳ, ಎರಡೂ ಕಡೆ ನಿತ್ಯಹರಿದ್ವರ್ಣದ ಕಾಡು. ಅಂಡಮಾನಿನ ಹೆಸರಾಂತ ಪಡೌಕ್ ಮರವು ನಮ್ಮ ಹೊನ್ನೆಯ ಕುಲಕ್ಕೇ ಸೇರಿದ್ದು. ನಮ್ಮ ತೋಟದ ಭೀಮರಾಜ ಹಕ್ಕಿ ತನ್ನ ಉದ್ದ ಬಾಲದ ಎರಡು ಗರಿಗಳೊಂದಿಗೆ ಅಲ್ಲಿಯೂ ಹಾರಾಡುತ್ತದೆ. ಹೀಗೆ ಪರಿಚಿತವಾದದ್ದರ ನಡುವೆ ಅಪರಿಚಿತವಾದದ್ದನ್ನು ಗುರುತಿಸುವ ಕಣ್ಣು ನಮಗೆ ಮೊದಲೇ ಅರ್ಧ ಸಿದ್ಧವಾಗಿರುತ್ತದೆ.

ಹೊರಡುವ ಕಾಲ

ಮುಂಗಾರು ಅಂಡಮಾನನ್ನು ಮುಟ್ಟುವುದು ಮೇ ತಿಂಗಳ ಮೂರನೆಯ ವಾರದ ಹೊತ್ತಿಗೆ, ಅಂದರೆ ನಮ್ಮಲ್ಲಿಗೆ ಬರುವ ಮೊದಲೇ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ. 2016ರ ಡಿಸೆಂಬರಿನಲ್ಲಿ ದೋಣಿ ಸಂಚಾರ ನಿಂತು ನೂರಾರು ಪ್ರವಾಸಿಗರು ಹ್ಯಾವ್‌ಲಾಕ್ (ಇಂದಿನ ಸ್ವರಾಜ್ ದ್ವೀಪ) ಮತ್ತು ನೀಲ್ (ಇಂದಿನ ಶಹೀದ್ ದ್ವೀಪ) ದ್ವೀಪಗಳಲ್ಲಿ ಸಿಲುಕಿಕೊಂಡಿದ್ದರು. ಆದ್ದರಿಂದ ಜನವರಿಯಿಂದ ಏಪ್ರಿಲ್ ಮಧ್ಯದವರೆಗಿನ ಅವಧಿಯೇ ಸೂಕ್ತ.

ಕಾಫಿ ಬೆಳೆಗಾರರಿಗೂ ತೋಟದ ಕೆಲಸದವರಿಗೂ ಜನವರಿ, ಫೆಬ್ರವರಿ ಎಂದರೆ ರೊಬಸ್ಟಾ ಕುಯ್ಲಿನ ಕಾಲ. ಅದರ ಹಿಂದೆಯೇ ಹೂವಿಗೆ ನೀರು ಹಾಯಿಸುವ ಕೆಲಸ. ಅದು ಮುಗಿದ ಮೇಲೆ, ಕರಿಮೆಣಸಿನ ಕುಯ್ಲನ್ನು ಮನೆಯಲ್ಲಿ ಒಬ್ಬರು ನೋಡಿಕೊಳ್ಳುವಂತಿದ್ದರೆ, ಮಾರ್ಚ್ ಎರಡನೆಯ ವಾರದಿಂದ ಹೊರಡುವುದು ನನ್ನ ದೃಷ್ಟಿಯಲ್ಲಿ ಅತ್ಯುತ್ತಮ. ಆಗ ಕಡಲು ಶಾಂತವಾಗಿರುತ್ತದೆ, ಬೆಟ್ಟದ ದಾರಿ ಒಣಗಿರುತ್ತದೆ, ಡಿಸೆಂಬರ್ ಮತ್ತು ಫೆಬ್ರವರಿಯ ನಡುವೆ ಇಟ್ಟ ಆಮೆ ಮೊಟ್ಟೆಗಳು ಒಡೆದು ಮರಿಗಳು ಹೊರಬರುವ ದಿನಗಳೂ ಅವೇ. ಸೆಕೆ ಹೆಚ್ಚು ಎಂಬುದೊಂದೇ ಕೊರತೆ.

ಒಟ್ಟು ಎರಡು ವಾರಗಳನ್ನಾದರೂ ಇಟ್ಟುಕೊಳ್ಳಬೇಕು. ಅದರಲ್ಲಿ ಎರಡು ದಿನಗಳನ್ನು ಯಾವ ಯೋಜನೆಯನ್ನೂ ಹಾಕದೆ ಖಾಲಿ ಬಿಡಬೇಕು. ದೋಣಿ ರದ್ದಾದಾಗ ಆ ಎರಡು ದಿನಗಳೇ ಕಾಪಾಡುತ್ತವೆ.

ಮನೆಯಲ್ಲಿದ್ದಾಗಲೇ ಮಾಡಬೇಕಾದ ಅಭ್ಯಾಸ

ಸ್ಯಾಡಲ್ ಪೀಕಿನ ಎತ್ತರದ ಅಂಕಿಯನ್ನು 1,748 ಮೀಟರಿನ ತಡಿಯಂಡಮೋಳಿಗೆ ಹೋಲಿಸಿ ಅದನ್ನು ಹಗುರವಾಗಿ ಕಾಣುವವರಿದ್ದಾರೆ. ತಡಿಯಂಡಮೋಳಿನ ಚಾರಣ ನಾಲ್ಕುನಾಡು ಅರಮನೆಯ ಬಳಿ, ಆಗಲೇ ಸಾಕಷ್ಟು ಎತ್ತರದಲ್ಲಿ, ತಂಪು ಗಾಳಿಯಲ್ಲಿ ಆರಂಭವಾಗುತ್ತದೆ. ಸ್ಯಾಡಲ್ ಪೀಕಿನ ದಾರಿಯಾದರೋ ಸಮುದ್ರಮಟ್ಟದಿಂದಲೇ ಏರುತ್ತದೆ, ಅದೂ ಮೈಯ ಬೆವರು ಆರದಷ್ಟು ತೇವ ತುಂಬಿದ ಗಾಳಿಯಲ್ಲಿ. ಹೋಗಿಬರುವ ದೂರ ಸುಮಾರು 16 ಕಿ.ಮೀ. ಆದ್ದರಿಂದ ಹೊರಡುವ ಮೊದಲಿನ ಒಂದೆರಡು ತಿಂಗಳು ವಾರಕ್ಕೆರಡು ಬಾರಿಯಾದರೂ ಬೆನ್ನಿಗೆ ಚೀಲ ಹಾಕಿಕೊಂಡು ಏರುದಾರಿಯಲ್ಲಿ ಎರಡು ಗಂಟೆ ನಡೆಯಬೇಕು. ಅರಣ್ಯ ಇಲಾಖೆಯ ಅನುಮತಿಯೊಂದಿಗೆ ತಡಿಯಂಡಮೋಳನ್ನೋ ಬ್ರಹ್ಮಗಿರಿಯನ್ನೋ ಒಮ್ಮೆ ಹತ್ತಿ ಇಳಿದರೆ ಬೂಟು ಎಲ್ಲಿ ಕಚ್ಚುತ್ತದೆ, ನೀರು ಎಷ್ಟು ಬೇಕಾಗುತ್ತದೆ ಎಂಬ ಲೆಕ್ಕ ಸಿಗುತ್ತದೆ. ಈಜು ಬಾರದವರು ಊರಿನಲ್ಲಿಯೇ ಕಲಿತು ಹೋಗುವುದು ಒಳ್ಳೆಯದು. ಹೊಳೆಯಲ್ಲಿ ಈಜಿ ಬೆಳೆದವರೂ ಕಡಲನ್ನು ಹೊಸದೆಂದೇ ತಿಳಿಯಬೇಕು, ಏಕೆಂದರೆ ಹೊಳೆಯ ಸೆಳೆತ ಒಂದೇ ದಿಕ್ಕಿನದು. ಕಡಲಿನದು ಹೊತ್ತುಹೊತ್ತಿಗೆ ಬದಲಾಗುವಂಥದ್ದು.

ಚೀಲದಲ್ಲಿ ಏನಿರಬೇಕು, ಏನಿರಬಾರದು

ಮೊಣಕಾಲಿನ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ಕೂರಬಹುದಾದಷ್ಟೇ ದೊಡ್ಡ ಚೀಲವಿರಲಿ. ಬೇಗ ಒಣಗುವ ಎರಡು ಜೊತೆ ಬಟ್ಟೆ, ಅವುಗಳಲ್ಲಿ ಒಂದಾದರೂ ತುಂಬುತೋಳಿನದು, ಹಡಗಿನ ರಾತ್ರಿಗಳಿಗೆ ಒಂದು ಹೊದಿಕೆ, ಹಿಡಿತವಿರುವ ಹಗುರ ಬೂಟು ಮತ್ತು ನೀರಿನಲ್ಲಿ ನಡೆಯಲು ಹಿಂಬದಿ ಪಟ್ಟಿಯಿರುವ ಚಪ್ಪಲಿ, ಸೊಳ್ಳೆಪರದೆ, ಕೆಂಪು ಬೆಳಕಿಗೆ ಬದಲಿಸಬಹುದಾದ ಹಣೆದೀಪ, ದುರ್ಬೀನು, ನೀರಿನಡಿ ನೋಡಲು ಸ್ವಂತದ ಸ್ನಾರ್ಕೆಲ್ ಕನ್ನಡಕ, ಎರಡು ಲೀಟರಿನಷ್ಟು ನೀರು ಹಿಡಿಯುವ ಬಾಟಲಿಗಳು ಮತ್ತು ಒಂದು ಸಣ್ಣ ಸೋಸುಕ. ಜಿಗಣೆಗೆ ನಾವು ತೋಟದಲ್ಲಿ ಬಳಸುವ ಹೊಗೆಸೊಪ್ಪು, ಸುಣ್ಣಗಳ ಬದಲು ಮೊಣಕಾಲಿನವರೆಗೆ ಬರುವ ಬಿಗಿ ನೇಯ್ಗೆಯ ಕಾಲುಚೀಲ ಸಾಕು. ಕಾಡಿನ ಸಣ್ಣ ತೊರೆಗಳನ್ನು ದಾಟುವಾಗ ಮೈಗೆ ಬಳಿದದ್ದೆಲ್ಲ ಅಲ್ಲಿನ ನೀರಿಗೇ ಸೇರುತ್ತದೆ ಎಂಬುದು ಇದಕ್ಕೆ ಕಾರಣ.

ತಿನ್ನಲು ಹುರಿದ ಅವಲಕ್ಕಿ, ಕಡಲೆ, ಬೆಲ್ಲ, ಒಣಹಣ್ಣು ಇದ್ದರೆ ಬೆಟ್ಟ ಹತ್ತುವ ದಿನಕ್ಕೂ ಹಡಗಿಗೂ ಆಗುತ್ತದೆ. ಮನೆಯ ಕಾಫಿಪುಡಿಯ ಒಂದು ಸಣ್ಣ ಪೊಟ್ಟಣವನ್ನೂ ಇಟ್ಟುಕೊಳ್ಳಿ. ಉಳಿದುಕೊಳ್ಳುವ ಮನೆಯವರಿಗೆ ಕೊಡಲು ಅದಕ್ಕಿಂತ ಒಳ್ಳೆಯ ಉಡುಗೊರೆ ನನಗೆ ಹೊಳೆದಿಲ್ಲ. ನಗದು ಹಣವನ್ನು ಸಾಕಷ್ಟು ಒಯ್ಯಬೇಕು. ಚೆನ್ನೈಯಿಂದ ಅಂಡಮಾನಿಗೆ ಸಮುದ್ರದಡಿಯ ಆಪ್ಟಿಕಲ್ ಕೇಬಲ್ 2020ರ ಆಗಸ್ಟಿನಲ್ಲಿ ಆರಂಭವಾದ ಮೇಲೆ ಇಂಟರ್‌ನೆಟ್ ಸುಧಾರಿಸಿದೆಯಾದರೂ, ಹಳ್ಳಿಗಳಲ್ಲಿ ಮೊಬೈಲ್ ಪಾವತಿಯನ್ನೇ ನಂಬಿಕೊಂಡು ಹೋಗಬಾರದು.

ಒಯ್ಯಬಾರದ ವಸ್ತುಗಳಲ್ಲಿ ಮೊದಲನೆಯದು ನಮ್ಮ ತೋಟದ ಮಣ್ಣು. ಬೂಟಿನ ಅಡಿಯ ಕೆಸರು, ಚೀಲದ ಮೂಲೆಯ ಬೀಜ, ಸಾಕ್ಸಿಗೆ ಅಂಟಿದ ಕಳೆಮುಳ್ಳು, ಇವೆಲ್ಲವನ್ನೂ ಹೊರಡುವ ಮೊದಲು ತೊಳೆದು ಕೆರೆದು ತೆಗೆಯಬೇಕು. ಶನಿವಾರಸಂತೆಯ ಕಡೆಯ ತೋಟಗಳನ್ನು ಕಾಡಿದ ಆಫ್ರಿಕನ್ ಬಸವನಹುಳು ಹೊರಗಿನಿಂದ ಬಂದು ಎಂಥ ಹಾವಳಿ ಮಾಡಿತೆಂಬುದು ನಮಗೆ ಗೊತ್ತು. ಅದೇ ಹುಳು ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು ಅಂಡಮಾನನ್ನು ಆಕ್ರಮಿಸಿಕೊಂಡಿದ್ದ ಕಾಲದಲ್ಲಿ ಅಲ್ಲಿಗೂ ಹೋಗಿ ನೆಲೆಯೂರಿದೆ. ಲಕ್ಷಾಂತರ ವರ್ಷ ಹೊರಗಿನ ಸ್ಪರ್ಧೆಯಿಲ್ಲದೆ ಬೆಳೆದ ದ್ವೀಪದ ಜೀವಿಗಳು ಹೊಸ ಕೀಟ, ಕಳೆಗಳ ಎದುರು ನಿಲ್ಲಲಾರವು. ಡ್ರೋನನ್ನು ಮನೆಯಲ್ಲಿಯೇ ಬಿಡಿ; ಇವು ನೌಕಾಪಡೆಯ ಸೂಕ್ಷ್ಮ ಪ್ರದೇಶಗಳು, ಅನುಮತಿಯಿಲ್ಲದೆ ಹಾರಿಸುವಂತಿಲ್ಲ.

ಹಡಗಿನ ದಾರಿ

ಬೆಂಗಳೂರಿನಿಂದ ವಿಮಾನದಲ್ಲಿ ಕೆಲವೇ ಗಂಟೆಗಳಲ್ಲಿ ಶ್ರೀ ವಿಜಯಪುರಂ ತಲುಪಬಹುದು. 2024ರವರೆಗೆ ಅದರ ಹೆಸರು ಪೋರ್ಟ್ ಬ್ಲೇರ್. ಸಮಯವಿದ್ದವರು ಹೋಗುವಾಗಲಾದರೂ ಚೆನ್ನೈಯಿಂದ ಹಡಗು ಹಿಡಿಯಲಿ ಎಂದು ನಾನು ಒತ್ತಿ ಹೇಳುತ್ತೇನೆ. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲವಾದ್ದರಿಂದ ಮಡಿಕೇರಿ, ವಿರಾಜಪೇಟೆ ಅಥವಾ ಕುಶಾಲನಗರದಿಂದ ಬಸ್ಸಿನಲ್ಲಿ ಮೈಸೂರಿಗೆ ಬಂದು, ಅಲ್ಲಿಂದ ರಾತ್ರಿಯ ಕಾವೇರಿ ಎಕ್ಸ್‌ಪ್ರೆಸ್ಸಿನಲ್ಲಿ ಚೆನ್ನೈಗೆ ಹೋಗುವುದು ಸುಲಭ.

ಹಡಗುಗಳು ತಿಂಗಳಿಗೆ ಕೆಲವೇ ಬಾರಿ ಹೊರಡುತ್ತವೆ ಮತ್ತು ದಿನಾಂಕ ಪ್ರಕಟವಾಗುವುದು ಸ್ವಲ್ಪ ದಿನ ಮೊದಲಷ್ಟೇ. ಹೀಗಾಗಿ ಮೊದಲು ಹಡಗಿನ ದಿನಾಂಕ, ಆನಂತರ ರೈಲಿನ ಟಿಕೆಟ್ ಎಂಬ ಕ್ರಮವನ್ನು ಪಾಲಿಸಬೇಕು. ಪಯಣಕ್ಕೆ ಸುಮಾರು ಮೂರು ದಿನ ಬೇಕು. ಕೋಣೆಗಳಿಗಿಂತ ಬಂಕ್ ದರ್ಜೆ ಬಹಳ ಅಗ್ಗ. ದೊಡ್ಡ ಹಜಾರದಲ್ಲಿ ಸಾಲು ಮಲಗುಹಲಗೆಗಳು, ಸುತ್ತ ಊರಿಗೆ ಮರಳುವ ದ್ವೀಪವಾಸಿ ಕುಟುಂಬಗಳು. ದಿಗ್ಲಿಪುರದ ಕಡೆಯ ಮೊದಲ ಪರಿಚಯ ಬಹುಮಟ್ಟಿಗೆ ಇಲ್ಲಿಯೇ ಆಗುತ್ತದೆ. ಗುರುತಿನ ಚೀಟಿಯ ಮೂಲಪ್ರತಿ ಕಡ್ಡಾಯ. ಘಾಟಿ ರಸ್ತೆಯ ತಿರುವುಗಳಲ್ಲಿ ವಾಕರಿಕೆ ಬರುವವರಿಗೆ ಕಡಲಿನಲ್ಲಿಯೂ ಬರುವ ಸಾಧ್ಯತೆ ಹೆಚ್ಚು. ಅಂಥವರು ವೈದ್ಯರನ್ನು ಕೇಳಿ ಮಾತ್ರೆ ತಂದಿಟ್ಟುಕೊಳ್ಳಲಿ, ಹೊಟ್ಟೆ ಖಾಲಿ ಬಿಡದೆ ಸ್ವಲ್ಪಸ್ವಲ್ಪ ತಿನ್ನಲಿ, ಹಡಗಿನ ನಡುಭಾಗದ ತೆರೆದ ಅಟ್ಟದಲ್ಲಿ ನಿಂತು ದೂರದ ದಿಗಂತವನ್ನು ನೋಡುತ್ತಿರಲಿ. ಮುಂಜಾನೆ ಆ ಅಟ್ಟದಲ್ಲಿಯೇ ಹಾರುಮೀನುಗಳೂ, ಅದೃಷ್ಟವಿದ್ದರೆ ಡಾಲ್ಫಿನ್‌ಗಳೂ ಕಾಣುತ್ತವೆ.

ರಾಜಧಾನಿಯಿಂದ ಉತ್ತರಕ್ಕೆ

ಇಲ್ಲಿ ಎರಡು ದಾರಿಗಳಿವೆ, ಅವುಗಳಲ್ಲಿ ಆಯ್ಕೆ ಮಾಡುವುದು ಅನುಕೂಲದ ವಿಷಯ ಮಾತ್ರವಲ್ಲ. ಮುಂಜಾನೆ ಹೊರಡುವ ಸರ್ಕಾರಿ ಬಸ್ಸು ಅಂಡಮಾನ್ ಟ್ರಂಕ್ ರಸ್ತೆಯಲ್ಲಿ ಸಾಗಿ ಸಂಜೆಯ ಹೊತ್ತಿಗೆ ದಿಗ್ಲಿಪುರ ಮುಟ್ಟಿಸುತ್ತದೆ. ಆದರೆ ಜಿರ್ಕಾಟಾಂಗಿನಿಂದ ಮುಂದೆ ಈ ರಸ್ತೆ ಜಾರವಾ ಜನರ ಮೀಸಲು ಪ್ರದೇಶವನ್ನು ಸೀಳಿಕೊಂಡು ಹೋಗುತ್ತದೆ. 1956ರ ಮೂಲನಿವಾಸಿ ಬುಡಕಟ್ಟುಗಳ ಸಂರಕ್ಷಣಾ ನಿಯಮದಡಿ ಆ ಪ್ರದೇಶಕ್ಕೆ ಹೊರಗಿನವರ ಪ್ರವೇಶ ನಿಷಿದ್ಧ. ಅಲ್ಲಿ ಹಾದುಹೋಗುವ ರಸ್ತೆಯನ್ನು ಮುಚ್ಚಬೇಕೆಂದು ಸುಪ್ರೀಂ ಕೋರ್ಟ್ 2002ರಲ್ಲಿಯೇ ಆದೇಶಿಸಿತ್ತು. ಆದರೂ ರಸ್ತೆ ತೆರೆದೇ ಇದೆ. ಈಗ ವಾಹನಗಳು ನಿಗದಿತ ಸಮಯಗಳಲ್ಲಿ ಪೊಲೀಸ್ ಕಾವಲಿನ ಸಾಲಾಗಿ ಮಾತ್ರ ಹೋಗುತ್ತವೆ. ನಿಲ್ಲಿಸುವುದು, ಫೋಟೊ ತೆಗೆಯುವುದು, ತಿಂಡಿ ಕೊಡುವುದು ಎಲ್ಲವೂ ಶಿಕ್ಷಾರ್ಹ ಅಪರಾಧ.

ಇನ್ನೊಂದು ದಾರಿ ಸರ್ಕಾರಿ ದೋಣಿ. ರಾಜಧಾನಿಯ ಫೀನಿಕ್ಸ್ ಬೇ ಬಂದರಿನಿಂದ ರಂಗತ್‌ಗೂ, ಕೆಲವು ದಿನ ದಿಗ್ಲಿಪುರದ ಏರಿಯಲ್ ಬೇ ಬಂದರಿಗೂ ನೌಕಾಯಾನ ನಿರ್ದೇಶನಾಲಯದ ದೋಣಿಗಳು ಹೋಗುತ್ತವೆ. ಬಂದಿಳಿದ ದಿನವೇ ಟಿಕೆಟ್ ಕೌಂಟರಿನಲ್ಲಿ ವೇಳಾಪಟ್ಟಿ ವಿಚಾರಿಸಿ, ಒಂದು ದಿನ ಕಾಯಬೇಕಾದರೂ ದೋಣಿಯನ್ನೇ ಆರಿಸಿಕೊಳ್ಳಿ ಎಂಬುದು ನನ್ನ ಖಚಿತ ಸಲಹೆ. ತಮ್ಮ ಪಾಡಿಗೆ ಬದುಕುತ್ತಿರುವ ಜನರ ಅಂಗಳದ ನಡುವೆ, ಅವರ ಒಪ್ಪಿಗೆಯಿಲ್ಲದೆ ನಮ್ಮ ಬಸ್ಸು ಹಾದುಹೋಗಬೇಕಾದ ಅಗತ್ಯವಿಲ್ಲದಿದ್ದಾಗ ಹಾದುಹೋಗದಿರುವುದೇ ಸರಿ. ದೋಣಿ ಸಿಗದೆ ಬಸ್ಸಿನಲ್ಲಿ ಹೋಗಲೇಬೇಕಾದವರು ಮೊಬೈಲನ್ನು ಚೀಲದೊಳಗಿಟ್ಟು, ಕಿಟಕಿಯಾಚೆ ಮನುಷ್ಯರನ್ನು ಹುಡುಕದೆ ಕುಳಿತುಕೊಳ್ಳಲಿ.

ರಂಗತ್‌ನಲ್ಲಿ ಇಳಿಯಬೇಕಾಗಿ ಬಂದರೆ ಒಂದು ರಾತ್ರಿ ಉಳಿದು, ಧಾನಿ ನಾಲಾದಲ್ಲಿ ಕಾಂಡ್ಲಾ ಕಾಡಿನೊಳಗೆ ಹಾಕಿರುವ ಮರದ ಕಾಲುದಾರಿಯಲ್ಲಿ ನಡೆಯಿರಿ. ಊರುಗೋಲುಗಳಂತೆ ಕೆಸರಿಗಿಳಿದ ಬೇರುಗಳು, ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ಬಂದ ಉಸಿರುಬೇರುಗಳು, ಮರದ ಮೇಲೆಯೇ ಮೊಳೆತು ನೇತಾಡುವ ಕೋಲಿನಾಕಾರದ ಸಸಿಗಳು, ಇವನ್ನೆಲ್ಲ ಕಾಲು ಹುಗಿಯದೆ ಹತ್ತಿರದಿಂದ ಕಾಣಲು ಅದು ಒಳ್ಳೆಯ ಜಾಗ.

ನೆಲೆ ಮತ್ತು ಊಟ

ದಿಗ್ಲಿಪುರ ಪೇಟೆಯಲ್ಲಿ ಸಾಧಾರಣ ವಸತಿಗೃಹಗಳಿವೆ. ಕಾಲಿಪುರದ ಕಡಲ ಬದಿಯಲ್ಲಿಯೂ ಉಳಿಯಲು ಜಾಗ ಸಿಗುತ್ತದೆ. ಕಾಡಿಗೂ ತೀರಕ್ಕೂ ನಡೆದೇ ಹೋಗಬಹುದಾದ್ದರಿಂದ ಕಾಲಿಪುರವೇ ಮೇಲು. ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ನೆಲೆಸಿದವರ ಮಕ್ಕಳು, ಮೊಮ್ಮಕ್ಕಳು ಈ ಭಾಗದಲ್ಲಿ ಹೆಚ್ಚು. ತಮಿಳು, ತೆಲುಗು ಮಾತನಾಡುವವರೂ, ಛೋಟಾನಾಗಪುರದಿಂದ ಕಾಡಿನ ಕೆಲಸಕ್ಕೆ ಬಂದವರ ಮನೆಗಳವರೂ ಇದ್ದಾರೆ. ಎಲ್ಲರ ನಡುವಿನ ಮಾತು ಹಿಂದಿ. ದೋಣಿಯವರನ್ನು, ಅಂಗಡಿಯವರನ್ನು ‘ದಾದಾ’ ಎಂದೂ ಮನೆಯ ಹೆಂಗಸರನ್ನು ‘ದೀದಿ’ ಎಂದೂ ಕರೆದು ಮಾತಿಗೆ ತೊಡಗಿದರೆ ಕೆಲಸವೂ ಆಗುತ್ತದೆ, ಸ್ನೇಹವೂ ಬೆಳೆಯುತ್ತದೆ. ಅನ್ನ, ಬೇಳೆ, ಮೀನುಸಾರು ಎಲ್ಲೆಡೆ ಸಿಗುತ್ತದೆ. ಹೊರಗಿನಿಂದ ಹಡಗಿನಲ್ಲಿ ಬರುವ ತರಕಾರಿ ದುಬಾರಿ. ಆ ದಿನ ಸ್ಥಳೀಯವಾಗಿ ಸಿಕ್ಕಿದ್ದನ್ನು ಉಣ್ಣುವುದು ಜೇಬಿಗೂ ಊರಿಗೂ ಹಗುರ. ಬೇಸಿಗೆಯಲ್ಲಿ ಸಿಹಿನೀರು ಅಲ್ಲಿ ಅಮೂಲ್ಯವಾದ್ದರಿಂದ ಸ್ನಾನಕ್ಕೆ ಒಂದು ಬಕೆಟ್ ಎಂಬ ಮಿತಿ ಹಾಕಿಕೊಳ್ಳಬೇಕು.

ದಿನಚರಿಯನ್ನು ಸೂರ್ಯನಿಗೂ ಉಬ್ಬರಕ್ಕೂ ಹೊಂದಿಸುವುದು

ಮಡಿಕೇರಿಗಿಂತ ದಿಗ್ಲಿಪುರ ಸುಮಾರು 17 ರೇಖಾಂಶಗಳಷ್ಟು ಪೂರ್ವಕ್ಕಿದೆ, ಆದರೆ ಗಡಿಯಾರ ಎರಡೂ ಕಡೆ ಒಂದೇ. ಹೀಗಾಗಿ ಅಲ್ಲಿ ಸೂರ್ಯ ನಮ್ಮಲ್ಲಿಗಿಂತ ಒಂದು ಗಂಟೆಗೂ ಹೆಚ್ಚು ಮೊದಲೇ ಹುಟ್ಟುತ್ತಾನೆ, ಅಷ್ಟೇ ಮೊದಲು ಮುಳುಗುತ್ತಾನೆ. ಮಾರ್ಚ್ ತಿಂಗಳಲ್ಲಿ ಐದು ಗಂಟೆಗೆ ಬೆಳಕು ಹರಿದಿರುತ್ತದೆ, ಸಂಜೆ ಆರಕ್ಕೆ ಕತ್ತಲು ಕವಿದಿರುತ್ತದೆ. ಏಳು ಗಂಟೆಗೆ ಎದ್ದು ಕಾಫಿ ಕುಡಿದು ಹೊರಡುವವರಿಗೆ ಆ ದ್ವೀಪದ ಹಕ್ಕಿಗಳು ಕಾಣುವುದಿಲ್ಲ. ರಾತ್ರಿ ಎಂಟಕ್ಕೆ ಮಲಗಿ ನಾಲ್ಕಕ್ಕೆ ಏಳುವ ಅಭ್ಯಾಸವನ್ನು ಹಡಗಿನಲ್ಲಿಯೇ ಆರಂಭಿಸಬೇಕು.

ಉಬ್ಬರವಿಳಿತದ ವಿಷಯವನ್ನು ಕಡಲಿಲ್ಲದ ಜಿಲ್ಲೆಯವರಾದ ನಾವು ಸ್ವಲ್ಪ ಶ್ರಮಪಟ್ಟು ಕಲಿಯಬೇಕು. ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಪ್ರತಿದಿನ ಈ ಹೊತ್ತು ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಅತಿ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಆದ್ದರಿಂದ ಒಂದು ಪಂಚಾಂಗವೂ ಬಂದರಿನಲ್ಲಿ ಕೇಳಿ ಬರೆದುಕೊಂಡ ಒಂದು ದಿನದ ಇಳಿತದ ಸಮಯವೂ ಇದ್ದರೆ ಇಡೀ ವಾರದ ಲೆಕ್ಕ ಹಾಕಿಕೊಳ್ಳಬಹುದು. ರಾಸ್ ಮತ್ತು ಸ್ಮಿತ್ ನಡುವಿನ ಮರಳ ದಿಣ್ಣೆ ಉಬ್ಬರದಲ್ಲಿ ಮುಳುಗುತ್ತದೆ. ಬಂಡೆಗುಂಡಿಗಳ ಜೀವಿಗಳು ಕಾಣುವುದು ಇಳಿತದ ಕೊನೆಯ ಗಂಟೆಯಲ್ಲಿ. ತೀರದುದ್ದಕ್ಕೂ ನಡೆದು ಹೋದ ದಾರಿ ಮರಳುವಾಗ ನೀರಿನಡಿ ಇರಬಹುದು. ನಡಿಗೆಯನ್ನು ನೀರು ಇನ್ನೂ ಇಳಿಯುತ್ತಿರುವಾಗ ಆರಂಭಿಸಿ, ಏರತೊಡಗುವ ಮೊದಲೇ ಹಿಂತಿರುಗಬೇಕೆಂಬುದು ತಪ್ಪಿಸಬಾರದ ನಿಯಮ.

ಸ್ಯಾಡಲ್ ಪೀಕ್ ಮತ್ತು ಅದರ ಕಾಡು

ಬಂದ ಮೊದಲ ದಿನವೇ ಬೆಟ್ಟಕ್ಕೆ ಹೋಗಬಾರದು. ಎರಡು ದಿನ ಕಾಲಿಪುರದ ಸುತ್ತಲಿನ ಅಡಿಕೆ ತೋಟಗಳ ಅಂಚು, ಕಾಡಿನ ಅಂಚುಗಳಲ್ಲಿ ಬೆಳಗಿನ ಹೊತ್ತು ನಡೆದು ಮೈಯನ್ನು ಸೆಕೆಗೆ ಒಗ್ಗಿಸಬೇಕು. ಈ ನಡಿಗೆಗಳಲ್ಲಿಯೇ ಅಂಡಮಾನಿಗೆ ಮಾತ್ರ ಸೀಮಿತವಾದ ಹಕ್ಕಿಗಳ ಪರಿಚಯ ಆರಂಭವಾಗುತ್ತದೆ: ಅಂಡಮಾನ್ ಕಾಜಾಣ, ಕಪ್ಪು ಮೈಯ ಅಂಡಮಾನ್ ಮರಕುಟಿಗ, ಅಂಡಮಾನ್ ಮಟಪಕ್ಷಿ, ಹಾವುಗಿಡುಗದ ಅಲ್ಲಿನ ಪ್ರಭೇದ. ನಮ್ಮ ಕಾಡಿನಲ್ಲಿ ಸದಾ ಕಾಣುವ ಮಂಗಟ್ಟೆ ಇಲ್ಲಿ ಕಾಣುವುದಿಲ್ಲ. ಈ ಸಮೂಹದ ಏಕೈಕ ಮಂಗಟ್ಟೆ ಪೂರ್ವದಲ್ಲಿರುವ ಪುಟ್ಟ ನಾರ್ಕೊಂಡಮ್ ದ್ವೀಪದಲ್ಲಿ ಮಾತ್ರ, ಪ್ರಪಂಚದಲ್ಲಿ ಬೇರೆಲ್ಲಿಯೂ ಇಲ್ಲದಂತೆ, ಬದುಕಿದೆ. ಅಲ್ಲಿಗೆ ಪ್ರವಾಸಿಗರು ಹೋಗುವಂತಿಲ್ಲ, ಹೋಗಬೇಕಾದದ್ದೂ ಇಲ್ಲ.

1979ರಲ್ಲಿ ರಾಷ್ಟ್ರೀಯ ಉದ್ಯಾನವಾದ ಸ್ಯಾಡಲ್ ಪೀಕಿನ ದಾರಿ ಲಾಮಿಯಾ ಬೇ ತೀರದಿಂದ ಆರಂಭವಾಗುತ್ತದೆ. ಹಿಂದಿನ ದಿನವೇ ಅರಣ್ಯ ಇಲಾಖೆಯ ತನಿಖಾ ಠಾಣೆಗೆ ಹೋಗಿ ಅನುಮತಿ ಮತ್ತು ಶುಲ್ಕದ ವಿಷಯ ಮುಗಿಸಿ, ದಾರಿ ಬಲ್ಲ ಸ್ಥಳೀಯ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಳ್ಳಬೇಕು. ಈ ಖರ್ಚಿನಲ್ಲಿ ಉಳಿತಾಯ ಮಾಡಬಾರದು. ಬೆಳಕು ಹರಿಯುತ್ತಿದ್ದಂತೆ ಹೊರಟರೆ ಮೊದಲ ಭಾಗ ತೀರದ ಗುಂಡುಕಲ್ಲು, ಮರಳಿನ ಮೇಲೆ, ಸಣ್ಣ ತೊರೆಗಳನ್ನು ದಾಟುತ್ತ ಸಾಗುತ್ತದೆ. ಕೊನೆಯ ಸಿಹಿನೀರಿನ ಜಾಗವನ್ನು ಮಾರ್ಗದರ್ಶಕರನ್ನು ಕೇಳಿ ತಿಳಿದು, ಅಲ್ಲಿ ಬಾಟಲಿಗಳನ್ನೆಲ್ಲ ತುಂಬಿಸಿಕೊಳ್ಳಬೇಕು. ಅಲ್ಲಿಂದ ಮುಂದೆ ಏರು ಬಿಡುವಿಲ್ಲದ್ದು. ಬೆಳಿಗ್ಗೆ ಹನ್ನೊಂದು ಗಂಟೆಗೆ ಎಲ್ಲಿದ್ದರೂ ಹಿಂತಿರುಗುವ ನಿರ್ಧಾರವನ್ನು ಕೆಳಗೇ ಮಾಡಿಕೊಂಡಿರಬೇಕು, ಏಕೆಂದರೆ ಸಂಜೆ ಐದಕ್ಕೆ ಮರಗಳಡಿಯ ದಾರಿ ಮಸುಕಾಗುತ್ತದೆ.

ಕೆಳಭಾಗದಲ್ಲಿ ಗುರ್ಜನ್ ಮರಗಳು ಕೊಂಬೆಯಿಲ್ಲದ ನೇರ ಕಾಂಡದೊಡನೆ ಬಹಳ ಎತ್ತರಕ್ಕೆ ಬೆಳೆದಿರುತ್ತವೆ. ಬೆತ್ತದ ಬಳ್ಳಿಗಳು ನಮ್ಮಲ್ಲಿಯಂತೆಯೇ ಬಟ್ಟೆಯನ್ನು ಹಿಡಿದೆಳೆಯುತ್ತವೆ. ಮೇಲೇರಿದಂತೆ ಮರಗಳು ಗಿಡ್ಡವಾಗಿ, ಕಾಂಡಗಳ ಮೇಲೆ ಪಾಚಿ ದಟ್ಟವಾಗುತ್ತದೆ. ಈ ಕಾಡಿನಲ್ಲಿ ಹುಲಿ, ಚಿರತೆ, ಕರಡಿಗಳಿಲ್ಲ. ಅಲ್ಲಿನದೇ ಆದ ದೊಡ್ಡ ಕಾಡುಮೃಗವೆಂದರೆ ಅಂಡಮಾನ್ ಕಾಡುಹಂದಿ. ಜಿಂಕೆ ಕಂಡು ಸಂತೋಷಪಡುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಚುಕ್ಕಿ ಜಿಂಕೆ ಅಲ್ಲಿನದಲ್ಲ, ಬ್ರಿಟಿಷರು ತಂದು ಬಿಟ್ಟದ್ದು. ಬೇಟೆಯಾಡುವ ಪ್ರಾಣಿಯಿಲ್ಲದೆ ಹೆಚ್ಚಿಕೊಂಡು ಮರಗಳ ಸಸಿಗಳನ್ನು ಮೇಯ್ದು ಕಾಡಿನ ಮರುಹುಟ್ಟನ್ನೇ ತಡೆಯುತ್ತಿದೆ. ಆನೆಗಳ ಕಥೆಯೂ ಇಂಥದೇ. ಮರ ಎಳೆಯಲು ಭಾರತದ ಮುಖ್ಯಭೂಮಿಯಿಂದ ಹಡಗಿನಲ್ಲಿ ತಂದ ಆನೆಗಳನ್ನು 1960ರ ದಶಕದಲ್ಲಿ ಮರದ ಕಂಪನಿಯೊಂದು ಇಂಟರ್‌ವ್ಯೂ ದ್ವೀಪದಲ್ಲಿ ಬಿಟ್ಟುಹೋಯಿತು, ಅವುಗಳ ಸಂತತಿ ಅಲ್ಲಿ ಕಾಡಾನೆಗಳಾಗಿ ಬದುಕಿತು. ದುಬಾರೆ, ಮತ್ತಿಗೋಡಿನ ಆನೆಗಳನ್ನು ಹೆಸರಿಡಿದು ಕರೆಯುವ ನಾಡಿನವರಿಗೆ ಇದು ಮನಸ್ಸಿಗೆ ತಾಗುವ ಚರಿತ್ರೆ.

ಹಾವಿನ ವಿಷಯದಲ್ಲಿ ನಮ್ಮ ಎಚ್ಚರವೇ ಸಾಕು: ಕಾಳಿಂಗವೂ ಅಲ್ಲಿದೆ, ಮಂಡಲದ ಬಂಧುಗಳಾದ ಹಸಿರು ಹಾವುಗಳೂ ಇವೆ, ಆದ್ದರಿಂದ ಕೈಯಿಡುವ ಕೊಂಬೆಯನ್ನು ನೋಡಿಯೇ ಹಿಡಿಯಬೇಕು.

ಕಡಲ ಬದಿ

ಮೊದಲು ಅಪಾಯದ ಮಾತು. ಉಪ್ಪುನೀರಿನ ಮೊಸಳೆ ಅಂಡಮಾನಿನ ಕಾಂಡ್ಲಾ ಕೊಲ್ಲಿಗಳಲ್ಲಿ ಇದೆ, ಕಡಲಿನಲ್ಲಿಯೂ ಈಜುತ್ತದೆ. 2010ರಲ್ಲಿ ಹ್ಯಾವ್‌ಲಾಕಿನಲ್ಲಿ ಪ್ರವಾಸಿಯೊಬ್ಬರು ಅದಕ್ಕೆ ಬಲಿಯಾದರು. ತೊರೆ ಕಡಲನ್ನು ಸೇರುವ ಬಾಯಿಯಲ್ಲಿ, ಕಾಂಡ್ಲಾ ಗಿಡಗಳ ಬಳಿಯಲ್ಲಿ, ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ನೀರಿಗಿಳಿಯಲೇಬಾರದು. ಎಚ್ಚರಿಕೆಯ ಫಲಕವಿಲ್ಲವೆಂದರೆ ಮೊಸಳೆಯಿಲ್ಲವೆಂದು ಅರ್ಥವಲ್ಲ. ಪ್ರತಿ ಸಲವೂ ಮೀನುಗಾರರನ್ನೋ ಅರಣ್ಯ ಸಿಬ್ಬಂದಿಯನ್ನೋ ಕೇಳಿಯೇ ಇಳಿಯಬೇಕು. ತೀರದಿಂದ ಹೊರಕ್ಕೆ ಎಳೆಯುವ ಸೆಳವಿಗೆ ಸಿಕ್ಕಿದರೆ ಅದರ ಎದುರು ಈಜದೆ, ತೀರಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬರಬೇಕು. ಮರಳುನೊಣದ ಕಡಿತ ದಿನಗಟ್ಟಲೆ ತುರಿಸುವುದರಿಂದ ಸಂಜೆ ತೀರದಲ್ಲಿ ಕೂರುವಾಗ ಉದ್ದ ಬಟ್ಟೆಯಿರಲಿ. ವಿಷಮುಳ್ಳಿನ ಮೀನು ಅಥವಾ ತೊರಕೆ ಮೀನು ಚುಚ್ಚಿದರೆ, ಚರ್ಮ ತಾಳಬಹುದಾದಷ್ಟು ಬಿಸಿಯ ನೀರಿನಲ್ಲಿ ಗಾಯವನ್ನು ಅದ್ದಿಟ್ಟು ಆಸ್ಪತ್ರೆಗೆ ಹೋಗಬೇಕು.

ಹವಳ ನೋಡಲು ಏರಿಯಲ್ ಬೇಯಿಂದ ಅನುಮತಿ ಪಡೆದು ದೋಣಿಯಲ್ಲಿ ರಾಸ್, ಸ್ಮಿತ್‌ಗೆ ಹೋಗುವುದು ರೂಢಿ. ದೋಣಿಯ ಬಾಡಿಗೆಯನ್ನು ಬೇರೆಯವರೊಡನೆ ಹಂಚಿಕೊಂಡರೆ ಖರ್ಚು ಇಳಿಯುತ್ತದೆ. ಹವಳವು ಸಣ್ಣ ಪ್ರಾಣಿಗಳ ಸಮೂಹವಾದ್ದರಿಂದ ಅದರ ಮೇಲೆ ಒಮ್ಮೆ ಕಾಲಿಟ್ಟರೂ ಅದು ಸಾಯಬಹುದು. ಎದೆಮಟ್ಟದ ನೀರಿನಲ್ಲಿ ತೇಲಲು ಬಾರದವರು ಮರಳಿರುವಲ್ಲಿಯೇ ನಿಂತು ಅಭ್ಯಾಸ ಮಾಡಲಿ. ಸನ್‌ಸ್ಕ್ರೀನ್ ಬಳಿದುಕೊಳ್ಳುವ ಬದಲು ತುಂಬುತೋಳಿನ ಅಂಗಿ ಹಾಕಿಕೊಂಡು ನೀರಿಗಿಳಿದರೆ ಹವಳಕ್ಕೂ ಕ್ಷೇಮ. ಉತ್ತರ ಅಂಡಮಾನಿನ ಪಶ್ಚಿಮ ತೀರದಲ್ಲಿ 2004ರ ಡಿಸೆಂಬರ್ 26ರ ಭೂಕಂಪ ನೆಲವನ್ನೇ ಮೇಲಕ್ಕೆತ್ತಿದ್ದರಿಂದ ಹವಳ ದಿಬ್ಬಗಳು ನೀರಿನಿಂದ ಹೊರಬಂದು ಸತ್ತವು. ಅದೇ ಕಂಪನದಲ್ಲಿ ನಿಕೋಬಾರಿನ ದಕ್ಷಿಣ ತುದಿಯಾದ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಕುಸಿಯಿತು. 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನ ಬೆಟ್ಟಗಳು ಜಾರಿದ್ದನ್ನು ಕಂಡವರು ಆ ಸತ್ತ ಹವಳದ ಬಯಲಿನೆದುರು ಬಹಳ ಹೊತ್ತು ನಿಲ್ಲುತ್ತಾರೆ.

ಆಮೆಗಳನ್ನು ನೋಡಲು ಕಾಲಿಪುರದ ಅರಣ್ಯ ಸಿಬ್ಬಂದಿಯ ಅನುಮತಿ ಪಡೆದು ಅವರೊಡನೆಯೇ ಹೋಗಬೇಕು. ಬಿಳಿ ದೀಪ, ಫ್ಲಾಶ್, ಬೆಂಕಿ ಯಾವುದೂ ಕೂಡದು. ತಾಯಿ ಆಮೆ ಕಡಲಿನಿಂದ ಮೇಲೇರುವಾಗ ಬೆಳಕೋ ಚಲನೆಯೋ ಕಂಡರೆ ಮೊಟ್ಟೆಯಿಡದೆ ಹಿಂದಿರುಗುತ್ತದೆ, ಆದ್ದರಿಂದ ಅದು ಗುಂಡಿ ತೋಡಿ ಮೊಟ್ಟೆಯಿಡಲು ತೊಡಗುವವರೆಗೆ ದೂರದಲ್ಲಿ ಅಲುಗಾಡದೆ ಕುಳಿತಿರಬೇಕು. ಆನಂತರವೂ ಅದರ ಹಿಂಬದಿಯಲ್ಲಿಯೇ ಇರಬೇಕು. ಮೊಟ್ಟೆಗಳನ್ನು ಸಿಬ್ಬಂದಿ ಬೇಲಿ ಹಾಕಿದ ಮರಿಮನೆಗೆ ಸಾಗಿಸಿ ಮರಳಿನಲ್ಲಿ ಹೂಳುತ್ತಾರೆ. ಆರೇಳು ವಾರಗಳ ಆಸುಪಾಸಿನಲ್ಲಿ ಮರಿಗಳು ಹೊರಬರುತ್ತವೆ. ಮರಳಿನ ಬಿಸಿ ಹೆಚ್ಚಿದ್ದರೆ ಹೆಣ್ಣು, ಕಡಿಮೆಯಿದ್ದರೆ ಗಂಡು ಹುಟ್ಟುವುದರಿಂದ, ಸೆಕೆ ಏರುತ್ತಿರುವ ವರ್ಷಗಳಲ್ಲಿ ಈ ಮರಿಮನೆಗಳ ನೆರಳು, ತೇವಗಳ ನಿರ್ವಹಣೆಗೆ ಬಹಳ ಮಹತ್ವವಿದೆ. ಮರಿಗಳನ್ನು ಬಿಡುವಾಗ ಕೈಯಲ್ಲಿ ಹಿಡಿದು ಫೋಟೊ ತೆಗೆಸಿಕೊಳ್ಳುವ ಆಸೆಯನ್ನು ಅದುಮಿಕೊಳ್ಳಬೇಕು; ಮರಳಿನ ಮೇಲೆ ತಾವೇ ತೆವಳಿ ನೀರು ಸೇರುವುದು ಅವುಗಳಿಗೆ ಅಗತ್ಯ.

ಕೆಸರು ಬುಗ್ಗೆಗಳಿಗೆ ಅರ್ಧ ದಿನ ಸಾಕು. ಅವು ಲಾವಾರಸದ ಜ್ವಾಲಾಮುಖಿಗಳಲ್ಲ, ನೆಲದಾಳದ ಅನಿಲ ತಣ್ಣನೆಯ ಕೆಸರನ್ನು ತಳ್ಳುವ ಜಾಗಗಳು. ರಾಮನಗರದ ಬಳಿಯ ಆಲ್ಫ್ರೆಡ್ ಗುಹೆಗಳಲ್ಲಿ ತಮ್ಮ ಜೊಲ್ಲಿನಿಂದಲೇ ಗೂಡು ಕಟ್ಟುವ ಪುಟ್ಟ ಹಕ್ಕಿಗಳಿವೆ. ವರ್ಷದ ಮೊದಲ ತಿಂಗಳುಗಳು ಅವು ಮರಿಮಾಡುವ ಕಾಲವಾದ್ದರಿಂದ, ಮಾರ್ಚಿನಲ್ಲಿ ಹೋಗುವವರು ಗುಹೆಯೊಳಗೆ ಹೋಗದಿರುವುದು ಒಳ್ಳೆಯದು.

ಹಿಂತಿರುಗುವಾಗ

ರಾಜಧಾನಿಗೆ ವಿಮಾನದ ದಿನಕ್ಕಿಂತ ಎರಡು ದಿನ ಮೊದಲೇ ಬಂದಿರಬೇಕು. ಚೀಲದಲ್ಲಿ ಚಿಪ್ಪು, ಹವಳದ ತುಂಡು ಏನೂ ಇರಬಾರದು. ಹವಳಗಳಿಗೂ ಹಲವು ಬಗೆಯ ಚಿಪ್ಪುಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಿದೆ, ನಿಲ್ದಾಣದಲ್ಲಿ ತಪಾಸಣೆಯೂ ಇದೆ. ಖಾಲಿ ಚಿಪ್ಪು ಸನ್ಯಾಸಿ ಏಡಿಗೆ ಮನೆಯಾಗುತ್ತದೆ. ಬ್ಯಾಟರಿ, ಪ್ಲಾಸ್ಟಿಕ್ ಹೊದಿಕೆ, ಔಷಧಿಯ ಖಾಲಿ ಪಟ್ಟಿಗಳನ್ನು ಹಳ್ಳಿಯಲ್ಲಿ ಬಿಡದೆ ನಮ್ಮೊಡನೆಯೇ ತರಬೇಕು. ಕಂಡ ಹಕ್ಕಿಗಳ ಪಟ್ಟಿಯನ್ನು ದಿನ, ಜಾಗ, ಹೊತ್ತು ನಮೂದಿಸಿ ಹಕ್ಕಿ ದಾಖಲೆಗಳ ಜಾಲತಾಣವಾದ ಇಬರ್ಡ್‌ನಲ್ಲಿ ದಾಖಲಿಸಿದರೆ ಕಡಿಮೆ ಜನ ಹೋಗುವ ಉತ್ತರ ಅಂಡಮಾನಿನ ಮಾಹಿತಿಗೆ ಅದು ನಿಜವಾದ ಸೇರ್ಪಡೆ. ಜ್ವರ ಬಂದರೆ, ಮರಳಿ ವಾರಗಳಾಗಿದ್ದರೂ, ದ್ವೀಪಗಳಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಹೇಳಿ ಮಲೇರಿಯಾ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮನೆ ಸೇರಿದ ಮೇಲೆ ಬೂಟಿನ ಅಡಿಯನ್ನು ಮತ್ತೊಮ್ಮೆ ಸೋಪುನೀರಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿಯೇ ತೋಟಕ್ಕೆ ಕಾಲಿಡಬೇಕು.